ಲೆಡ್ಜರಿಗೆ ಬಂದ ಚೌಕಾಬಾರ

ನಮ್ಮ ಬಾಲ್ಯದ ರಾಜಾಜಿನಗರದಲ್ಲಿ ಆಟಗಳಿಗೂ ಋತುಗಳಿದ್ದವು. ಮಾವು, ಹಲಸು ತಮ್ಮ ಕಾಲಕ್ಕೆ ಬರುವ ಹಾಗೆ ಬುಗುರಿ, ಗೋಲಿ, ಗಾಳಿಪಟಗಳೂ ತಮ್ಮ ತಮ್ಮ ಕಾಲಕ್ಕೆ ಬರುತ್ತಿದ್ದವು. ಯಾರೂ ಡಂಗುರ ಹೊಡೆಯುತ್ತಿರಲಿಲ್ಲ, ಪಂಚಾಂಗದಲ್ಲಿ ಬರೆದಿರುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಒಬ್ಬ ಹುಡುಗ ಚಡ್ಡಿ ಜೇಬಿನಿಂದ ಬುಗುರಿ ತೆಗೆದನೆಂದರೆ ಆಯಿತು, ಸಾಯಂಕಾಲದೊಳಗೆ ಇಡೀ ಬೀದಿಯ ಗೋಲಿಗಳು ಡಬ್ಬ ಸೇರಿ ಎಲ್ಲರ ಕೈಯಲ್ಲೂ ಚಾಟಿ ಇರುತ್ತಿತ್ತು. ಎರಡು ತಿಂಗಳಾದ ಮೇಲೆ ಬುಗುರಿ ಮಾಯ. ಅದನ್ನು ನಿಲ್ಲಿಸಿದವರು ಯಾರು ಎಂದು ಕೇಳಿದರೆ ಅದಕ್ಕೂ ಉತ್ತರವಿರಲಿಲ್ಲ.

ಬುಗುರಿಯಲ್ಲಿ ಸೋತವನ ಬುಗುರಿಗೆ ಗೆದ್ದವರು ಮೊಳೆಯಿಂದ ಗುನ್ನ ಹೊಡೆಯುತ್ತಿದ್ದರು. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯನ್ನು ಆಸೆಪಟ್ಟು ತಂದವನು ಮೊದಲ ಗುನ್ನಕ್ಕೇ ಅಳುತ್ತಿದ್ದ. ಆದ್ದರಿಂದ ಜಾಣರು ಎರಡು ಬುಗುರಿ ಇಟ್ಟುಕೊಳ್ಳುತ್ತಿದ್ದರು, ಆಡುವುದಕ್ಕೆ ಚೆಂದದ್ದು, ಗುನ್ನ ತಿನ್ನುವುದಕ್ಕೆ ಹಳೆಯದು. ಇದು ಬ್ಯಾಂಕಿನವರ ಬುದ್ಧಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆಗ ನನಗೆ ಒಂಬತ್ತು ವರ್ಷ, ಬ್ಯಾಂಕು ಇನ್ನೂ ದೂರವಿತ್ತು.

ಆಷಾಢದ ಗಾಳಿ ಬಂದರೆ ಗಾಳಿಪಟ. ಅನ್ನದ ಅಗುಳೇ ಗೋಂದು, ಪೊರಕೆ ಕಡ್ಡಿಯೇ ಬಿಲ್ಲು, ಹರಿದ ಸೀರೆಯ ಅಂಚೇ ಬಾಲಂಗೋಚಿ. ಸೂತ್ರ ಕಟ್ಟುವುದು ಮಾತ್ರ ಎಲ್ಲರಿಗೂ ಬರುತ್ತಿರಲಿಲ್ಲ, ಅದು ಬಂದ ಹುಡುಗನಿಗೆ ಆ ತಿಂಗಳು ರಾಜಮರ್ಯಾದೆ. ದೊಡ್ಡಬಳ್ಳಾಪುರದವರು ಈಗಲೂ ಆಷಾಢದಲ್ಲಿ ಗಾಳಿಪಟದ ಉತ್ಸವ ಮಾಡುತ್ತಾರೆ. ಆರನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಒಮ್ಮೆ ಫೋನಿನಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಗಾಳಿಪಟಗಳನ್ನು ತೋರಿಸಿದಳು. ಒಂದೊಂದೂ ಮನೆಗಿಂತ ಎತ್ತರ, ಬಣ್ಣದ ಕಾಗದದಲ್ಲಿ ಬಿಡಿಸಿದ ಚಿತ್ರ, ಬಿದಿರಿನ ಚೌಕಟ್ಟು. ಅಲ್ಲಿನವರು ತೀರಿಕೊಂಡ ಹಿರಿಯರ ನೆನಪಿಗೆ ಪ್ರತಿ ವರ್ಷ ನವೆಂಬರ್ 1ರಂದು ಅವನ್ನು ಎತ್ತಿ ನಿಲ್ಲಿಸುತ್ತಾರಂತೆ. "ನಮ್ಮ ರಾಜ್ಯೋತ್ಸವದ ದಿನವೇ ತಾತ!" ಎಂದು ಅವಳಿಗೆ ಖುಷಿಯೋ ಖುಷಿ.

ಲಗೋರಿ, ಚಿನ್ನಿದಾಂಡು, ಐಸ್‌ಪೈಸ್, ಜೂಟಾಟ, ಮರಕೋತಿ, ಕುಂಟೆಬಿಲ್ಲೆ, ಹೆಸರು ಹೇಳುತ್ತಾ ಹೋದರೆ ಈ ಪುಟ ಸಾಲದು. ಇವಕ್ಕೆಲ್ಲ ಬೇಕಿದ್ದದ್ದು ಬೀದಿ. ನಮ್ಮ ಬೀದಿಯಲ್ಲಿ ದಿನಕ್ಕೆ ಒಂದೆರಡು ಜಟಕಾ, ನಾಲ್ಕಾರು ಸೈಕಲ್ಲು, ಯಾರಿಗಾದರೂ ಮೈ ಸರಿ ಇಲ್ಲದಿದ್ದರೆ ಡಾಕ್ಟರ ಕಾರು ಬರುತ್ತಿತ್ತು. ಈಗ ನಾನಿರುವ ಬಸವೇಶ್ವರನಗರದ ರಸ್ತೆಯ ಎರಡೂ ಕಡೆ ಕಾರುಗಳು ಮೂತಿಗೆ ಮೂತಿ ತಾಗಿಸಿ ನಿಂತಿವೆ, ನಡುವೆ ಉಳಿದ ಜಾಗದಲ್ಲಿ ಸ್ಕೂಟರುಗಳು ಹಾರನ್ ಹೊಡೆಯುತ್ತಾ ಹೋಗುತ್ತವೆ. ಲಗೋರಿಯ ಏಳು ಕಲ್ಲನ್ನು ಎಲ್ಲಿ ಜೋಡಿಸಬೇಕು? ಚಿನ್ನಿ ಹಾರಿ ಯಾರ ಕಾರಿನ ಗಾಜಿಗೆ ಬಡಿಯಬೇಕು? ನಮ್ಮ ವಯಸ್ಸಿನವರು ಪಾರ್ಕಿನ ಬೆಂಚಿನಲ್ಲಿ ಕೂತು "ಈಗಿನ ಮಕ್ಕಳು ಮೊಬೈಲು ಬಿಟ್ಟು ಏಳುವುದಿಲ್ಲ" ಎನ್ನುವುದನ್ನು ಕೇಳುತ್ತೇನೆ. ನಾನು ಒಪ್ಪುವುದಿಲ್ಲ. ಮಕ್ಕಳು ಬೀದಿ ಬಿಟ್ಟು ಹೋಗಲಿಲ್ಲ, ದೊಡ್ಡವರಾದ ನಾವು ಬೀದಿಯನ್ನು ಕಾರಿಗೆ ಕೊಟ್ಟೆವು. ಅದೇ ಪಾರ್ಕಿನಲ್ಲಿ "ಚೆಂಡಾಟ ನಿಷೇಧ" ಎಂಬ ಬೋರ್ಡು ನಮ್ಮ ಬೆಂಚಿನ ಹಿಂದೆಯೇ ಇದೆ.

ಆದರೆ ಬೀದಿಯೇ ಬೇಡದ ಆಟಗಳೂ ಇದ್ದವಲ್ಲ? ಚೌಕಾಬಾರ, ಅಳಗುಳಿ ಮಣೆ, ಹುಲಿ-ಕುರಿ, ಐದು ಕಲ್ಲಿನ ಆಟ. ಇವಕ್ಕೆ ಒಂದು ಚಾಪೆಯಷ್ಟು ಜಾಗ ಸಾಕು, ಹತ್ತನೇ ಮಹಡಿಯಲ್ಲೂ ಆಡಬಹುದು. ಅವೇಕೆ ಹೋದವು? ಬಹಳ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಅವುಗಳಲ್ಲಿ ಮಾರುವುದಕ್ಕೆ ಏನೂ ಇರಲಿಲ್ಲ. ಕೇರಂ ಬೋರ್ಡನ್ನು ಅಂಗಡಿಯವನು ಮಾರುತ್ತಾನೆ, ಆದ್ದರಿಂದ ಅದು ಉಳಿಯಿತು. ಬ್ಯಾಂಕಿನಲ್ಲಿ ಮಧ್ಯಾಹ್ನ ಡಬ್ಬಿ ಖಾಲಿ ಮಾಡಿ ಹದಿನೈದು ನಿಮಿಷ ಬೋರಿಕ್ ಪೌಡರ್ ಹಾಕಿ ನಾವೂ ಆಡುತ್ತಿದ್ದೆವು. ಚೌಕಾಬಾರಕ್ಕೆ ಸೀಮೆಸುಣ್ಣದ ಒಂದು ಚೂರು, ನಾಲ್ಕು ಹುಣಸೆಬೀಜ, ಒಡೆದ ಬಳೆ ಚೂರು, ಮೂರ್ನಾಲ್ಕು ಬಗೆಯ ಕಾಳು ಸಾಕು. ಯಾರಿಗೆ ಲಾಭ? ಡಬ್ಬಿಯಿಲ್ಲ, ಡಬ್ಬಿಯೊಳಗೆ ನಿಯಮದ ಚೀಟಿಯಿಲ್ಲ. ನಿಯಮವೆಲ್ಲ ಅಜ್ಜಿಯ ಬಾಯಲ್ಲಿತ್ತು, ಅಜ್ಜಿಯಿಂದ ಅಕ್ಕನಿಗೆ, ಅಕ್ಕನಿಂದ ತಮ್ಮನಿಗೆ ಬಂತು. ಹೇಳುವವರು ಒಂದು ತಲೆಮಾರು ಬಾಯಿ ಮುಚ್ಚಿಕೊಂಡರೆ ಮುಂದಿನವರಿಗೆ ಕೇಳುವುದಕ್ಕೇ ಯಾರೂ ಇರುವುದಿಲ್ಲ.

ನನಗೆ ಚೌಕಾಬಾರ ಕಲಿಸಿದ್ದು ನನ್ನ ದೊಡ್ಡಕ್ಕ. ಈಗ ಅವಳಿಗೆ 82, ನನಗೆ 73. ಕೆಂಗೇರಿ ಉಪನಗರದಲ್ಲಿ ಮಗನ ಮನೆಯಲ್ಲಿದ್ದಾಳೆ. ಎರಡು ವರ್ಷದಿಂದ ಅವಳಿಗೆ ಮರೆವು. ಬೆಳಿಗ್ಗೆ ಏನು ತಿಂಡಿ ತಿಂದಳೆಂಬುದು ನೆನಪಿರುವುದಿಲ್ಲ, ನಾನು ಕೂತು ಅರ್ಧ ಗಂಟೆಯಲ್ಲಿ "ಕಾಫಿ ಆಯ್ತೇನೋ ಪುಟ್ಟ?" ಎಂದು ಮೂರು ಸಲ ಕೇಳುತ್ತಾಳೆ. ನಾನೂ ಮೂರು ಸಲ "ಆಯ್ತಕ್ಕ" ಎನ್ನುತ್ತೇನೆ. ಕಳೆದ ವರ್ಷ ಶಿವರಾತ್ರಿಗೆ ಹೋದಾಗ, ನಮ್ಮ ಮನೆಯಲ್ಲಿ ಜಾಗರಣೆಗೆ ಚೌಕಾಬಾರ ಆಡುತ್ತಿದ್ದದ್ದು ನೆನಪಾಗಿ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದೆ. ಅಕ್ಕ ಕುರ್ಚಿಯಿಂದಲೇ ಬಗ್ಗಿ ನೋಡಿ, "ಕಟ್ಟೆ ಯಾಕೋ ಓರೆ ಬರೆದಿದ್ದೀಯ?" ಎಂದಳು. ಕವಡೆ ಕೈಗೆ ಕೊಟ್ಟೆ. ಎಸೆದಳು, ಎಣಿಸದೆಯೇ ಕಾಯಿ ನಡೆಸಿದಳು, ಸರಿಯಾದ ಮನೆಯಲ್ಲಿ ಇಟ್ಟಳು.

ಆ ದಿನವೇ ತೀರ್ಮಾನ ಮಾಡಿದೆ. ಬ್ಯಾಂಕಿನಿಂದ 2012ರಲ್ಲಿ ನಿವೃತ್ತನಾದ ಮೇಲೆ ಮನೆ ಖರ್ಚು ಬರೆಯಲೆಂದು ಕೊಂಡಿದ್ದ ಉದ್ದನೆಯ ಲೆಡ್ಜರ್ ಪುಸ್ತಕವೊಂದು ಖಾಲಿಯಿತ್ತು. ತಿಂಗಳ ಎರಡನೇ ಶನಿವಾರ ಮೊಮ್ಮಗಳ ಶಾಲೆಗೆ ರಜೆ. ಇಬ್ಬರೂ ಆಟೊದಲ್ಲಿ ವಿಜಯನಗರ ನಿಲ್ದಾಣಕ್ಕೆ ಹೋಗಿ ಮೆಟ್ರೊ ಹತ್ತುತ್ತೇವೆ. ಅತ್ತಿಗುಪ್ಪೆಯಿಂದ ಎಣಿಸಿದರೆ ಎಂಟನೆಯದು ಕೆಂಗೇರಿ ಬಸ್ ಟರ್ಮಿನಲ್. "ಒಂದು ಬಾರ ಬಿದ್ದರೆ ದೊಡ್ಡಜ್ಜಿ ಮನೆ" ಎನ್ನುತ್ತಾಳೆ ಮೊಮ್ಮಗಳು. ಅಲ್ಲಿ ಅಕ್ಕ ಹೇಳಿದ್ದನ್ನು, ಆಡಿ ತೋರಿಸಿದ್ದನ್ನು, ಅವಳು ಬರೆದುಕೊಳ್ಳುತ್ತಾಳೆ. ಎಡಗಡೆ ಪುಟ ಚಿತ್ರಕ್ಕೆ, ಬಲಗಡೆ ಪುಟ ನಿಯಮಕ್ಕೆ.

ಮಕ್ಕಳೇ, ನಿಮಗೂ ಉಪಯೋಗವಾಗಲೆಂದು ಲೆಡ್ಜರಿನ ಮೊದಲ ಪುಟ ಇಲ್ಲಿ ಇಳಿಸುತ್ತೇನೆ. ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ ಬರೆಯಿರಿ. ನಾಲ್ಕು ಬದಿಗಳ ನಟ್ಟನಡುವಿನ ಮನೆಗಳಿಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಕಟ್ಟೆ ಮಾಡಿ. ಕಟ್ಟೆಯಲ್ಲಿ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ. ಪಟದ ನಡುವಿನ ಮನೆಗೂ ಹಾಗೆಯೇ ಗೆರೆ ಎಳೆಯಿರಿ, ಅದು ಗುರಿ. ನಾಲ್ಕು ಜನ ಒಬ್ಬೊಬ್ಬರು ಒಂದೊಂದು ಕಟ್ಟೆ ಹಿಡಿದು, ನಾಲ್ಕು ನಾಲ್ಕು ಕಾಯಿ ಇಟ್ಟುಕೊಳ್ಳಬೇಕು. ನಾಲ್ಕು ಕವಡೆ ಎಸೆದಾಗ ಎಷ್ಟು ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಎಸೆತ. ಕಾಯಿ ತನ್ನ ಕಟ್ಟೆಯಿಂದ ಹೊರಟು, ಗಡಿಯಾರದ ಮುಳ್ಳಿಗೆ ಎದುರಾಗಿ ಹೊರಸುತ್ತು ಸುತ್ತಿ, ಕಟ್ಟೆಗೆ ಒಂದು ಮನೆ ಹಿಂದೆ ಒಳಸುತ್ತಿಗೆ ನುಗ್ಗಬೇಕು. ಅಲ್ಲಿ ಗಡಿಯಾರದ ಮುಳ್ಳಿನ ಜೊತೆಗೆ ತಿರುಗಿ ನಡುಮನೆ ಸೇರಬೇಕು. ಸೇರಿದರೆ ಕಾಯಿ ಹಣ್ಣಾಯಿತು! ದಾರಿಯಲ್ಲಿ ನೀವು ನಿಂತ ಮನೆಗೆ ಬೇರೆಯವರ ಕಾಯಿ ಬಂದು ಬಿದ್ದರೆ ನಿಮ್ಮ ಕಾಯಿಗೆ ಹೊಡೆತ, ಅದು ಮತ್ತೆ ಕಟ್ಟೆಯಿಂದ ಹೊರಡಬೇಕು. ಹೊಡೆದವರಿಗೆ ಇನ್ನೊಂದು ಎಸೆತ. ಯಾರನ್ನೂ ಒಮ್ಮೆಯೂ ಹೊಡೆಯದವರಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಪಾಪ ಪುಣ್ಯ ಎಂದು ಎಲ್ಲರನ್ನೂ ಬಿಟ್ಟುಕೊಟ್ಟು ಆಡುತ್ತಿದ್ದ ನಮ್ಮ ಸೋದರತ್ತೆಯೊಬ್ಬರು ಇಡೀ ರಾತ್ರಿ ಹೊರಗೇ ಸುತ್ತುತ್ತಿದ್ದರು.

ಕವಡೆ ಸಿಗದಿದ್ದರೆ ಹುಣಸೆಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳಿ. ಉಜ್ಜಿದಾಗ ಬೀಜ ಚುರುಗುಟ್ಟುವಷ್ಟು ಬಿಸಿಯಾಗುತ್ತದೆ. ಅದನ್ನು ಪಕ್ಕದವನ ತೋಳಿಗೆ ಒತ್ತುವುದು ಆ ಕಾಲದ ಒಂದು ಆಟವೇ ಆಗಿತ್ತು, ಅದನ್ನು ಲೆಡ್ಜರಿನಲ್ಲಿ ಬರೆದಿಲ್ಲ. ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಅವುಗಳಲ್ಲಿ ಆರು ಬಗೆಯಲ್ಲಿ ಎರಡು ಬೀಳುತ್ತದೆ, ನಾಲ್ಕು ಬಗೆಯಲ್ಲಿ ಒಂದು, ನಾಲ್ಕು ಬಗೆಯಲ್ಲಿ ಮೂರು. ಚೌಕಕ್ಕೆ ಒಂದೇ ಬಗೆ, ಬಾರಕ್ಕೆ ಒಂದೇ ಬಗೆ. ಈ ಲೆಕ್ಕವನ್ನು ಮೊಮ್ಮಗಳು ಕಾಗದದಲ್ಲಿ ಬರೆದು ತಾನೇ ಕಂಡುಹಿಡಿದಳು. ಶಾಲೆಗೆ ಹೋಗದ ನಮ್ಮ ಅಜ್ಜಿ ಕಾಗದವಿಲ್ಲದೆಯೇ ಶತ್ರುವಿನ ಕಾಯಿಗೆ ಎರಡು ಮನೆ ಮುಂದೆ ತನ್ನ ಕಾಯಿ ನಿಲ್ಲಿಸುತ್ತಿರಲಿಲ್ಲ.

ಅಳಗುಳಿ ಮಣೆಯದು ಇನ್ನೊಂದು ರುಚಿ. ಎರಡು ಸಾಲಿನಲ್ಲಿ ಏಳೇಳು ಗುಳಿ, ಒಂದೊಂದರಲ್ಲಿ ಐದು ಬೀಜ. ಒಂದು ಗುಳಿಯ ಬೀಜವನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತಾ ಹೋಗುವುದು, ಕೈ ಖಾಲಿಯಾದಾಗ ಮುಂದಿನ ಗುಳಿಯಿಂದ ಮತ್ತೆ ಬಾಚುವುದು. ಮುಂದಿನದು ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದು ನಿಮ್ಮ ಗಳಿಕೆ, ಅಲ್ಲಿಗೆ ನಿಮ್ಮ ಸರದಿ ಮುಗಿಯಿತು. ತುಳುನಾಡಿನಲ್ಲಿ ಇದನ್ನೇ ಚೆನ್ನೆಮಣೆ ಎಂದು ಆಟಿ ತಿಂಗಳ ಮಳೆಯಲ್ಲಿ ಆಡುತ್ತಾರೆ. ಆಫ್ರಿಕದಲ್ಲೂ ಇದರ ಬಂಧುಬಳಗ ದೊಡ್ಡದು. ನಾನು ಬಿ.ಕಾಂ. ಸೇರಿ ಜಮೆ-ಖರ್ಚಿನ ಪಾಠ ಕೇಳಿದಾಗ ಇದು ಅಳಗುಳಿ ಮಣೆಯೇ ಅಲ್ಲವೇ ಅನ್ನಿಸಿತ್ತು. ಆಟದ ಕೊನೆಗೆ ಇಬ್ಬರ ಗಳಿಕೆ, ಮಣೆಯಲ್ಲಿ ಉಳಿದದ್ದು, ಮೂರನ್ನೂ ಕೂಡಿದರೆ 70 ಬರಲೇಬೇಕು. 69 ಬಂದರೆ ಅಜ್ಜಿ ಯಾರನ್ನೂ ಏಳಗೊಡುತ್ತಿರಲಿಲ್ಲ. ಯಾರೋ ಒಬ್ಬರು ಬೀಜದ ಮೇಲೆ ಕೂತಿರುತ್ತಿದ್ದರು! ಬ್ಯಾಂಕಿನಲ್ಲಿ ಹತ್ತು ಪೈಸೆ ವ್ಯತ್ಯಾಸಕ್ಕೆ ರಾತ್ರಿ ಎಂಟರವರೆಗೆ ಹುಡುಕುತ್ತಾ ಕೂತಾಗಲೆಲ್ಲ ನನಗೆ ಅಜ್ಜಿಯ ನೆನಪು.

ಈ ಆಟಗಳು ಬರೀ ಅಡುಗೆಮನೆಯ ಪಕ್ಕದವು ಎಂದುಕೊಳ್ಳಬೇಡಿ. ಹಂಪಿಗೆ ಹೋದರೆ ದೇವಸ್ಥಾನ ಮಂಟಪಗಳ ಕಲ್ಲುಹಾಸಿನ ಮೇಲೆ ಕಣ್ಣಾಡಿಸಿ. ಹುಲಿ-ಕುರಿಯ ಪಟ, ಅಳಗುಳಿಯ ಗುಳಿಗಳು ಕಲ್ಲಿನಲ್ಲೇ ಕೊರೆದಿವೆ. ಗೈಡುಗಳು ಕಂಬ ತೋರಿಸುತ್ತಾರೆ, ನೆಲ ತೋರಿಸುವುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಆಟವೆಂದರೆ ಜೀವ ಬಿಡುತ್ತಿದ್ದರು. ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟ ಕಟ್ಟಿದರು. ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಕರೆದೊಯ್ಯುವ ಲೆಕ್ಕ ಬಿಡಿಸಿದರು. 'ಶ್ರೀತತ್ತ್ವನಿಧಿ' ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿ ಎಂಬುದರಲ್ಲಿ ಆಟಗಳಿಗೆ ಜಾಗ ಕೊಟ್ಟರು. ಅರಸರ ಆಟ ಗ್ರಂಥಕ್ಕೆ ಏರಿತು. ಅಜ್ಜಿಯ ಆಟಕ್ಕೆ ಗ್ರಂಥವಿರಲಿಲ್ಲ, ಹಾಗಾಗಿ ಈಗ ಲೆಡ್ಜರ್. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಇಂಥ ಆಟಗಳ ಪಟಗಳನ್ನು ಕುಶಲಕರ್ಮಿಗಳಿಂದ ಮಾಡಿಸಿ 'ಕ್ರೀಡಾಕೌಶಲ್ಯ' ಎಂಬ ಪ್ರದರ್ಶನ ನಡೆಸಿಕೊಂಡು ಬಂದಿದ್ದಾರೆ. ಬಟ್ಟೆಯ ಮೇಲೆ, ಮರದ ಮೇಲೆ ಎಷ್ಟು ಚೆಂದ ಮಾಡುತ್ತಾರೆಂದರೆ ಆಡುವುದಕ್ಕೆ ಮನಸ್ಸು ಬರುವುದಿಲ್ಲ, ಗೋಡೆಗೆ ನೇತುಹಾಕೋಣ ಅನ್ನಿಸುತ್ತದೆ. ನನ್ನ ಮಟ್ಟಿಗೆ ಸೀಮೆಸುಣ್ಣವೇ ಸರಿ.

ಮೊಬೈಲಿನ ಲೂಡೊ ಬಗ್ಗೆ ನನಗೆ ಜಗಳವಿಲ್ಲ. ಅದೂ ನಮ್ಮ ಪಚ್ಚೀಸಿಯ ಮೊಮ್ಮಗುವೇ. ನಮ್ಮ ದೇಶದ ಆಟವನ್ನು ಇಂಗ್ಲೆಂಡಿನವರು ಸರಳ ಮಾಡಿ 1896ರಲ್ಲಿ ಲೂಡೊ ಎಂದು ಪೇಟೆಂಟ್ ಪಡೆದರು. ಅದು ಡಬ್ಬಿಯಲ್ಲಿ ಕೂತು ಹಡಗು ಹತ್ತಿ ನಮ್ಮ ಅಂಗಡಿಗೇ ಬಂತು, ಆಮೇಲೆ ಫೋನಿಗೆ ಇಳಿಯಿತು. 2020ರ ಲಾಕ್‌ಡೌನ್ ದಿನಗಳಲ್ಲಿ ಡಲ್ಲಾಸಿನಲ್ಲಿರುವ ನನ್ನ ಮಗಳ ಮಗ, ಇಲ್ಲಿನ ಮೊಮ್ಮಗಳು, ನಾನು, ನನ್ನಾಕೆ ಎಲ್ಲರೂ ಫೋನಿನಲ್ಲೇ ಲೂಡೊ ಆಡಿದೆವು. ಸಮುದ್ರದಾಚೆಯ ಹುಡುಗ ನನ್ನ ಕಾಯಿ ಹೊಡೆದು ಕೇಕೆ ಹಾಕಿದ್ದನ್ನು ಕೇಳಿದಾಗ, ಆ ಕಷ್ಟಕಾಲದಲ್ಲಿ ಫೋನಿಗೆ ಕೈ ಮುಗಿದಿದ್ದೇನೆ. ಮೊನ್ನೆ ಬೇಸಿಗೆಯಲ್ಲಿ ಅವನಿಗೆ ಚೌಕಾಬಾರ ತೋರಿಸಿದೆವು. ಇಲ್ಲಿ ಪಟ, ಅಲ್ಲಿ ಅವನು. ಅವನ ಪರವಾಗಿ ಕವಡೆ ಎಸೆಯುವುದು ನನ್ನ ಕೆಲಸ. "ಬರೀ ಒಂದು ಬಿತ್ತು ಕಣೋ" ಎಂದರೆ, "ತಾತ, ಕ್ಯಾಮೆರಾಗೆ ತೋರಿಸಿ" ಎನ್ನುತ್ತಾನೆ. 38 ವರ್ಷ ಸಾವಿರಾರು ಜನರ ಹಣ ಎಣಿಸಿದ ನನ್ನ ಕೈಗೆ ಹತ್ತು ವರ್ಷದ ಹುಡುಗನ ಆಡಿಟ್!

ಫೋನಿನ ಆಟದಲ್ಲಿ ಇಲ್ಲದ್ದು ಈ ತಕರಾರು. ಅಲ್ಲಿ ದಾಳವನ್ನು ಯಂತ್ರ ಉರುಳಿಸುತ್ತದೆ, ಕಾಯಿಯನ್ನು ಯಂತ್ರ ನಡೆಸುತ್ತದೆ, ತಪ್ಪು ನಡೆ ನಡೆಯಲು ಬಿಡುವುದೇ ಇಲ್ಲ. ಕವಡೆ ಚಾಪೆಯ ಅಂಚಿಗೆ ಒರಗಿ ಓರೆಯಾಗಿ ನಿಂತರೆ? ಅದು ಬಾಯಿಯೋ ಬೆನ್ನೋ? ನಾಲ್ಕು ಜನ ಕೂತು ವಾದ ಮಾಡಿ, ಒಬ್ಬ ಮುನಿಸಿಕೊಂಡು ಟೂ ಬಿಟ್ಟು, ಇನ್ನೊಬ್ಬರು ಸಮಾಧಾನ ಮಾಡಿ, ಮತ್ತೆ ಎಸೆಯುವುದೆಂದು ಒಪ್ಪಂದವಾಗಬೇಕು. ನಮಗೆ ಆಟದಷ್ಟೇ ಹೊತ್ತು ಇದಕ್ಕೂ ಹೋಗುತ್ತಿತ್ತು. ಹಣ ಕಟ್ಟುವ ಆಟದ ಮಾತು ಬೇರೆ. ಧರ್ಮರಾಯ ಪಗಡೆಯಲ್ಲಿ ಕಳೆದುಕೊಂಡ ಕಥೆ ನಮಗೆ ಹೊಸದಲ್ಲ, ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು 2025ರಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು.

ಕೆಲವು ಆಟಗಳ ಅದೃಷ್ಟ ತಿರುಗಿದ್ದೂ ಉಂಟು. ನಾವು ಮೊಣಕಾಲು ತರಚಿಕೊಂಡು ಆಡುತ್ತಿದ್ದ ಕಬಡ್ಡಿ 2014ರಿಂದ ಟಿ.ವಿ.ಯಲ್ಲಿ ಮಿಂಚುತ್ತಿದೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದ ರಾತ್ರಿ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದು ಭಾರತದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಗೆದ್ದರು. ಹೆಣ್ಣುಮಕ್ಕಳ ತಂಡದಲ್ಲಿ ನಮ್ಮ ಟಿ. ನರಸೀಪುರ ತಾಲ್ಲೂಕಿನ ಚೈತ್ರಾ ಇದ್ದರು. ಈ ಸುದ್ದಿಯನ್ನು ಅಕ್ಕನಿಗೆ ಹೇಳಿದೆ. "ಖೋ ಖೋಗೆ ಕಪ್ಪು ಕೊಡ್ತಾರಾ? ನಮಗೆ ಮನೆಗೆ ಬಂದ್ರೆ ಬೈಗುಳ ಕೊಡ್ತಿದ್ರು" ಎಂದಳು.

ಈಗ ಲೆಡ್ಜರಿನ 31ನೇ ಪುಟಕ್ಕೆ ಬರುತ್ತೇನೆ, ಏಕೆಂದರೆ ಅದು ಅರ್ಧ ಖಾಲಿ ಇದೆ. ಒಳಸುತ್ತಿನಲ್ಲಿ ಒಬ್ಬರದೇ ಎರಡು ಕಾಯಿ ಒಂದೇ ಮನೆಯಲ್ಲಿ ಕೂತರೆ ಅದಕ್ಕೆ ನಮ್ಮ ಮನೆಯಲ್ಲಿ ಗಟ್ಟಿ ಎನ್ನುತ್ತಿದ್ದರು. ಗಟ್ಟಿ ನಡೆಯಬೇಕಾದರೆ ಎರಡು, ನಾಲ್ಕು ಅಥವಾ ಎಂಟು ಬೀಳಬೇಕು, ಬಿದ್ದದ್ದರಲ್ಲಿ ಅರ್ಧದಷ್ಟು ಮನೆ ನಡೆಯುತ್ತದೆ. ಗಟ್ಟಿಯನ್ನು ಇನ್ನೊಂದು ಗಟ್ಟಿಯೇ ಹೊಡೆಯಬೇಕು. ಇಲ್ಲಿಯವರೆಗೆ ಅಕ್ಕ ಒಂದೇ ಮಾತು ಹೇಳಿದ್ದಾಳೆ. ಆದರೆ ದಾರಿಯಲ್ಲಿ ಗಟ್ಟಿ ಅಡ್ಡ ಕೂತಿದ್ದರೆ ಹಿಂದಿನಿಂದ ಬರುವ ಒಂಟಿ ಕಾಯಿ ಅದನ್ನು ದಾಟಿ ಹೋಗಬಹುದೇ? ಜುಲೈನಲ್ಲಿ "ದಾಟಬಹುದು" ಎಂದಳು. ಆಗಸ್ಟ್‌ನಲ್ಲಿ ಮೊಮ್ಮಗಳು ಹಾಗೇ ದಾಟಲು ಹೋದಾಗ ಕೈ ಹಿಡಿದು, "ಗಟ್ಟೀನ ಹೇಗೆ ದಾಟ್ತೀಯೆ ಪುಟ್ಟಿ, ಗೋಡೆ ಅದು" ಎಂದಳು. ಸೆಪ್ಟೆಂಬರ್‌ನಲ್ಲಿ ಕೇಳಿದರೆ ನಕ್ಕು, "ನಿಮ್ಮ ಭಾವನ್ನ ಕೇಳೋ, ಅವರಿಗೆ ಗೊತ್ತು" ಎಂದಳು. ಭಾವ ಹೋಗಿ ಹನ್ನೊಂದು ವರ್ಷವಾಯಿತು. ನಾನು "ಕೇಳ್ತೀನಕ್ಕ" ಎಂದೆ.

ನನಗೆ ನೆನಪಿರುವಷ್ಟರಲ್ಲಿ ಗಂಡಸರು ಕೂತ ಆಟದಲ್ಲಿ ಗಟ್ಟಿ ಗೋಡೆಯಾಗಿತ್ತು, ಹೆಂಗಸರು ಮಕ್ಕಳು ಕೂತ ಆಟದಲ್ಲಿ ದಾಟಲು ಬಿಡುತ್ತಿದ್ದರು. ಆಟ ಬೇಗ ಮುಗಿದು ಅಡುಗೆಗೆ ಏಳಬೇಕಲ್ಲ! ಇದನ್ನು ಹೌದು ಅಥವಾ ಅಲ್ಲ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಇನ್ನು ಯಾರೂ ಉಳಿದಿಲ್ಲ. ಮೊಮ್ಮಗಳು ಆ ಪುಟದಲ್ಲಿ ಎರಡೂ ನಿಯಮ ಬರೆದು, ಎರಡರ ಪಕ್ಕದಲ್ಲೂ "ದೊಡ್ಡಜ್ಜಿ" ಎಂದೇ ಹಾಕಿದ್ದಾಳೆ, ತಾರೀಖಿನ ಸಮೇತ. ಕೆಳಗೆ ಬೇರೆ ಮನೆಗಳವರ ನಿಯಮಕ್ಕೆಂದು ಹತ್ತು ಸಾಲು ಬಿಟ್ಟಿದ್ದಾಳೆ. ಈ ಲೇಖನ ಓದುತ್ತಿರುವ ಮಕ್ಕಳು ಇವತ್ತು ಸಾಯಂಕಾಲವೇ ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ಅವರ ಊರಿನ ಹೆಸರಿನೊಂದಿಗೆ ಈ ಪತ್ರಿಕೆಗೆ ಬರೆದು ತಿಳಿಸಿ: ನಿಮ್ಮ ಮನೆಯಲ್ಲಿ ಒಂಟಿ ಕಾಯಿ ಗಟ್ಟಿಯನ್ನು ದಾಟುತ್ತಿತ್ತೇ?